ದೂರ ಕೇಳುವುದನ್ನು ದೇಹ ಕೊಡಬೇಕು: 800 ಮೀಟರ್‌ನಿಂದ ಮ್ಯಾರಥಾನ್‌ವರೆಗೆ ಹದಿನಾಲ್ಕು ಸೂತ್ರಗಳು

ತಾಲ್ಲೂಕು ಕ್ರೀಡಾಕೂಟದಲ್ಲಿ 800 ಮೀಟರ್‌ಗೆ ನಿಲ್ಲುವ ಹುಡುಗಿಗೂ, ಬೆಳಗಿನ ಜಾವ ಬೆಂಗಳೂರಿನ ರಸ್ತೆಯಲ್ಲಿ ಹಾಫ್ ಮ್ಯಾರಥಾನ್‌ಗೆ ಅಭ್ಯಾಸ ಮಾಡುವ ಬ್ಯಾಂಕ್ ಉದ್ಯೋಗಿಗೂ ನಮ್ಮಲ್ಲಿ ಸಿಗುವ ಸಲಹೆ ಒಂದೇ: ‘ಚೆನ್ನಾಗಿ ಪ್ರಾಕ್ಟೀಸ್ ಮಾಡು, ಸ್ಟ್ಯಾಮಿನಾ ಬರುತ್ತೆ.’ ಆದರೆ ಸ್ಟ್ಯಾಮಿನಾ ಎಂಬ ಒಂದೇ ಒಂದು ವಸ್ತು ಮೈಯಲ್ಲಿ ಎಲ್ಲೂ ಇಲ್ಲ. ಹೃದಯ ನೂಕುವ ರಕ್ತ, ಆ ರಕ್ತ ಹೊರುವ ಆಮ್ಲಜನಕ, ಅದನ್ನು ಬಳಸುವ ಸ್ನಾಯು, ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ, ಶಾಖ ಹೊರಹಾಕುವ ಬೆವರು, ಪ್ರತಿ ಹೆಜ್ಜೆಯ ಪೆಟ್ಟು ತಿನ್ನುವ ಮೂಳೆ, ಇವೆಲ್ಲ ಬೇರೆ ಬೇರೆ. ಒಂದೊಂದು ದೂರ ಒಂದೊಂದನ್ನು ಹೆಚ್ಚು ದುಡಿಸುತ್ತದೆ. ಒಂದೊಂದೂ ತನ್ನದೇ ಗತಿಯಲ್ಲಿ ಬಲಿಯುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಓಡಿಸಿದ್ದರಿಂದ ಪಿಯುಸಿ ಮುಗಿಯುವಷ್ಟರಲ್ಲೇ ಟ್ರ್ಯಾಕ್ ಬಿಟ್ಟ ಮಕ್ಕಳು ನಮ್ಮ ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಅದು ತಪ್ಪಬೇಕು.

1. ನಿಮ್ಮ ದೂರದ ಲೆಕ್ಕ ಮೊದಲು ತಿಳಿಯಿರಿ

ಸ್ನಾಯುವಿಗೆ ಶಕ್ತಿ ಬರುವ ದಾರಿ ಮುಖ್ಯವಾಗಿ ಎರಡು. ಆಮ್ಲಜನಕ ಬಳಸಿಕೊಂಡು ಬಹಳ ಹೊತ್ತು ಸಿಗುವ ಶಕ್ತಿ ಒಂದು. ಆಮ್ಲಜನಕಕ್ಕೆ ಕಾಯದೆ ತಕ್ಷಣ ಸಿಕ್ಕಿ, ಬೇಗ ಮುಗಿದುಹೋಗುವ ಶಕ್ತಿ ಇನ್ನೊಂದು. 400 ಮೀಟರ್ ಓಟದಲ್ಲಿ ಈ ಎರಡನೆಯದರ ಪಾಲು ಅರ್ಧಕ್ಕಿಂತ ಜಾಸ್ತಿ. 800 ಮೀಟರ್‌ಗೆ ಬಂದ ಕೂಡಲೇ ಲೆಕ್ಕ ತಿರುಗುತ್ತದೆ: ಸುಮಾರು ಮೂರರಲ್ಲಿ ಎರಡು ಪಾಲು ಆಮ್ಲಜನಕದ ದಾರಿಯಿಂದಲೇ ಬರಬೇಕು. 1500 ಮೀಟರ್‌ನಲ್ಲಿ ಅದು ಶೇ 80 ದಾಟುತ್ತದೆ, 5000 ಮೀಟರ್‌ನಲ್ಲಿ ಶೇ 95ರ ಆಸುಪಾಸು, ಮ್ಯಾರಥಾನ್‌ನಲ್ಲಿ ಹೆಚ್ಚುಕಡಿಮೆ ಪೂರ್ತಿ. ನಮ್ಮಲ್ಲಿ 800 ಮೀಟರ್ ಓಟಗಾರರಿಗೆ ದಿನಾ 200, 300 ಮೀಟರ್ ಜೋರು ಓಟ ಕೊಟ್ಟು ಸ್ಪ್ರಿಂಟರ್‌ಗಳಂತೆ ತಯಾರು ಮಾಡುವ ರೂಢಿ ಇದೆ. ಈ ಲೆಕ್ಕ ಅದನ್ನು ಒಪ್ಪುವುದಿಲ್ಲ.

2. 800 ಮೀಟರ್ ಓಡುವವರೂ ದೂರ ಓಡಿ

ನ್ಯೂಜಿಲೆಂಡಿನ ಪೀಟರ್ ಸ್ನೆಲ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಚಿನ್ನ ಗೆದ್ದರು. 1964ರಲ್ಲಿ ಟೋಕಿಯೋದಲ್ಲಿ 800 ಮತ್ತು 1500 ಮೀಟರ್ ಎರಡನ್ನೂ ಗೆದ್ದರು. ನಡುವೆ, 1962ರಲ್ಲಿ, ಕ್ರೈಸ್ಟ್‌ಚರ್ಚ್‌ನ ಹುಲ್ಲಿನ ಟ್ರ್ಯಾಕ್ ಮೇಲೆ 1 ನಿಮಿಷ 44.3 ಸೆಕೆಂಡಿನಲ್ಲಿ 800 ಮೀಟರ್ ಓಡಿ ವಿಶ್ವದಾಖಲೆ ಮಾಡಿದರು. ಎರಡು ನಿಮಿಷವೂ ಹಿಡಿಯದ ಈ ಓಟಕ್ಕೆ ಅವರ ಕೋಚ್ ಆರ್ಥರ್ ಲಿಡಿಯಾರ್ಡ್ ಕೊಟ್ಟ ತಯಾರಿ ಎಂಥದ್ದು? ವಾರಕ್ಕೆ ನೂರು ಮೈಲಿ, ಅಂದರೆ 160 ಕಿಲೋಮೀಟರ್. ಅದರಲ್ಲಿ ಒಂದು ದಿನ ಆಕ್ಲೆಂಡ್ ಪಕ್ಕದ ಗುಡ್ಡಗಳ ಮೇಲೆ 35 ಕಿಲೋಮೀಟರ್ ಓಟ. ಟ್ರ್ಯಾಕಿನ ಜೋರು ಓಟವೆಲ್ಲ ತಿಂಗಳುಗಟ್ಟಲೆ ಇದಾದ ಮೇಲೆಯೇ.

ಸ್ನೆಲ್ ಮುಂದೆ ವ್ಯಾಯಾಮ ಶರೀರವಿಜ್ಞಾನದಲ್ಲಿ ಪಿಎಚ್.ಡಿ ಮಾಡಿ, ಅಮೆರಿಕದ ಡಲ್ಲಾಸ್‌ನಲ್ಲಿ ಸಂಶೋಧಕರಾಗಿ ದುಡಿದರು. ತಾವು ಓಡಿದ ಆ ದೂರದ ಓಟಗಳು ಸ್ನಾಯುವಿನಲ್ಲಿ ಏನು ಮಾಡಿದ್ದವು ಎಂಬುದಕ್ಕೆ ಅವರು ಕೊಟ್ಟ ವಿವರಣೆ ಕೋಚ್‌ಗಳೆಲ್ಲ ಕೇಳಬೇಕಾದದ್ದು. ತುಂಬಾ ಹೊತ್ತು ಓಡುತ್ತಾ ಹೋದಂತೆ ನಿಧಾನಗತಿಯ ಸ್ನಾಯುತಂತುಗಳಲ್ಲಿದ್ದ ಸಕ್ಕರೆ ಕರಗುತ್ತದೆ. ಆಗ ದೇಹ ಅನಿವಾರ್ಯವಾಗಿ ವೇಗದ ತಂತುಗಳನ್ನು ಕೆಲಸಕ್ಕೆ ಕರೆಯುತ್ತದೆ. ಹೀಗೆ ವೇಗದ ತಂತುಗಳೂ ಆಮ್ಲಜನಕ ಬಳಸುವುದನ್ನು ಕಲಿಯುತ್ತವೆ. 800 ಮೀಟರ್ ಓಟದ ಕೊನೆಯ 150 ಮೀಟರ್‌ನಲ್ಲಿ ಬೇಕಾಗುವುದು ಅದೇ.

ನಮ್ಮ ಕಾಲೇಜು ಹುಡುಗರು ನಾಳೆಯೇ 160 ಕಿಲೋಮೀಟರ್‌ಗೆ ಹೊರಡಬಾರದು. ವಾರಕ್ಕೆ 50ರಿಂದ 60 ಕಿಲೋಮೀಟರ್ ಮುಟ್ಟಲು ಒಂದು ವರ್ಷ ತೆಗೆದುಕೊಂಡರೂ ತಡವೇನಿಲ್ಲ.

3. ನಿಧಾನ ಎಂದರೆ ನಿಜಕ್ಕೂ ನಿಧಾನ

‘ಸಾರ್, ಇಷ್ಟು ಸ್ಲೋ ಓಡಿದ್ರೆ ಏನು ಪ್ರಯೋಜನ?’
‘ಪಕ್ಕದವನ ಜೊತೆ ಮಾತಾಡ್ಕೊಂಡು ಓಡೋಕಾಗ್ತಿದೆಯಾ?’
‘ಆಗ್ತಿದೆ ಸಾರ್.’
‘ಹಾಗಿದ್ರೆ ಸರಿಯಾಗಿದೆ, ಹೋಗು.’

ಜಿಲ್ಲಾ ಕ್ರೀಡಾಂಗಣಗಳಲ್ಲಿ ಈ ಮಾತು ಇನ್ನೂ ಹೆಚ್ಚು ಕೇಳಿಬರಬೇಕು. ಏದುಸಿರಿಲ್ಲದೆ ಪೂರ್ತಿ ವಾಕ್ಯ ಆಡಬಲ್ಲ ವೇಗದಲ್ಲಿ 40 ನಿಮಿಷ, ಒಂದು ಗಂಟೆ ಓಡಿದಾಗ ಹೃದಯದ ಎಡ ಕೋಣೆ ಸ್ವಲ್ಪ ಸ್ವಲ್ಪವೇ ಹಿಗ್ಗಿ, ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ನೂಕುವುದನ್ನು ಕಲಿಯುತ್ತದೆ. ಸ್ನಾಯುತಂತುಗಳ ಸುತ್ತ ಹೊಸ ಲೋಮನಾಳಗಳು ಬೆಳೆಯುತ್ತವೆ. ತಂತುವಿನ ಒಳಗೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳು ಹೆಚ್ಚುತ್ತವೆ. ನುರಿತ ದೂರದ ಓಟಗಾರರ ನಾಡಿ ಕೂತಲ್ಲಿ ನಿಮಿಷಕ್ಕೆ 40ರ ಹತ್ತಿರ ಬಡಿಯುವುದು ಇಂಥ ವರ್ಷಗಳ ಓಟದ ಫಲ.

ಜಗತ್ತಿನ ಒಳ್ಳೆಯ ದೂರದ ಓಟಗಾರರು ವಾರದ ಓಟದಲ್ಲಿ ಸುಮಾರು ಶೇ 80ರಷ್ಟನ್ನು ಹೀಗೆ ಹಗುರವಾಗಿಯೇ ಓಡುತ್ತಾರೆ. ನಮ್ಮ ನಗರದ ಓಟಗಾರರಲ್ಲಿ ಬಹಳಷ್ಟು ಮಂದಿ ದಿನವೂ ಒಂದೇ ಮಧ್ಯಮ ವೇಗದಲ್ಲಿ, ಸ್ವಲ್ಪ ಏದುಸಿರು ಬಿಡುತ್ತಾ ಓಡುತ್ತಾರೆ. ಹಗುರ ಓಟದ ಲಾಭಕ್ಕೆ ಅದು ಜಾಸ್ತಿಯಾಯಿತು, ಜೋರು ಓಟದ ಲಾಭಕ್ಕೆ ಕಡಿಮೆಯಾಯಿತು. ಸಿಗುವುದು ದಣಿವು ಮಾತ್ರ.

4. ವಾರಕ್ಕೊಮ್ಮೆ ಹೃದಯವನ್ನು ಅದರ ಮಿತಿಗೆ ಕರೆದೊಯ್ಯಿರಿ

ದೇಹ ಒಂದು ನಿಮಿಷದಲ್ಲಿ ಬಳಸಬಲ್ಲ ಆಮ್ಲಜನಕಕ್ಕೆ ಒಂದು ಮೇಲ್ಮಿತಿ ಇದೆ ಎಂದು ಮೊದಲು ಅಳೆದು ತೋರಿಸಿದವರಲ್ಲಿ ಬ್ರಿಟನ್ನಿನ ಎ.ವಿ. ಹಿಲ್ ಪ್ರಮುಖರು. 1922ರ ವೈದ್ಯಕೀಯ ನೊಬೆಲ್ ಹಂಚಿಕೊಂಡ ಈ ವಿಜ್ಞಾನಿ ಬೆನ್ನಿಗೆ ಗಾಳಿಚೀಲ ಕಟ್ಟಿಕೊಂಡು ಸ್ವತಃ ಓಡಿ ಪ್ರಯೋಗ ಮಾಡಿದವರು. ಅಭ್ಯಾಸವಿಲ್ಲದ ಆರೋಗ್ಯವಂತ ಯುವಕರಲ್ಲಿ ಈ ಮಿತಿ, ಮೈತೂಕದ ಪ್ರತಿ ಕಿಲೋಗೆ, ನಿಮಿಷಕ್ಕೆ 35ರಿಂದ 45 ಮಿಲಿಲೀಟರ್. ವಿಶ್ವಮಟ್ಟದ ಪುರುಷ ಓಟಗಾರರಲ್ಲಿ 70ರಿಂದ 85.

ಈ ಮಿತಿಯನ್ನು ಎತ್ತರಿಸುವ ನೇರ ದಾರಿ ಮೂರರಿಂದ ಐದು ನಿಮಿಷದ ಜೋರು ಓಟಗಳು. ಉದಾಹರಣೆಗೆ, ನಿಮ್ಮ 5000 ಮೀಟರ್ ವೇಗದಲ್ಲಿ 1000 ಮೀಟರ್‌ನ ಐದು ಓಟ, ನಡುನಡುವೆ ಎರಡು–ಮೂರು ನಿಮಿಷ ಮೆಲ್ಲನೆ ಜಾಗಿಂಗ್. ಮೊದಲ ಓಟವೇ ಎಲ್ಲಕ್ಕಿಂತ ವೇಗದ್ದಾಗಿ, ಐದನೆಯದು ಕುಂಟುತ್ತಾ ಮುಗಿದರೆ ವೇಗ ತಪ್ಪು ಹಿಡಿದಿದ್ದೀರಿ ಎಂದರ್ಥ. ಐದೂ ಒಂದೇ ಸಮಯದಲ್ಲಿ ಬರಬೇಕು.

5. ಲ್ಯಾಕ್ಟೇಟ್ ಅನ್ನು ಬೈಯಬೇಡಿ, ಬಳಸಿಕೊಳ್ಳಿ

ಮರುದಿನ ತೊಡೆ ನೋಯುವುದು ‘ಲ್ಯಾಕ್ಟಿಕ್ ಆ್ಯಸಿಡ್ ತುಂಬಿಕೊಂಡಿದ್ದರಿಂದ’ ಎಂಬ ಮಾತು ಪ್ರತಿ ಮೈದಾನದಲ್ಲೂ ಕೇಳುತ್ತದೆ. ಸರಿಯಲ್ಲ. ಜೋರು ಓಟದಲ್ಲಿ ಏರಿದ ಲ್ಯಾಕ್ಟೇಟ್ ಹೆಚ್ಚುಕಡಿಮೆ ಒಂದು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಮೆಲ್ಲನೆ ಜಾಗಿಂಗ್ ಮಾಡಿದರೆ ಇನ್ನೂ ಬೇಗ. ಮರುದಿನದ ನೋವು ಸ್ನಾಯುತಂತುಗಳಲ್ಲಿ ಆದ ಸೂಕ್ಷ್ಮ ಸೀಳುಗಳದ್ದು. ಇಳಿಜಾರಿನಲ್ಲಿ ಓಡಿದ ಮರುದಿನ ಅದು ಹೆಚ್ಚಾಗುವುದು ಅದಕ್ಕೇ.

ಲ್ಯಾಕ್ಟೇಟ್ ಕಸವೂ ಅಲ್ಲ. ಹೃದಯ ಮತ್ತು ನಿಧಾನಗತಿಯ ತಂತುಗಳು ಅದನ್ನೇ ಇಂಧನವಾಗಿ ಉರಿಸುತ್ತವೆ. ಅಮೆರಿಕದ ವಿಜ್ಞಾನಿ ಜಾರ್ಜ್ ಬ್ರೂಕ್ಸ್ ಇದನ್ನು ದಶಕಗಳ ಕೆಲಸದಿಂದ ತೋರಿಸಿಕೊಟ್ಟಿದ್ದಾರೆ. ಓಟಗಾರನಿಗೆ ಮುಖ್ಯವಾದ ಪ್ರಶ್ನೆ ಇಷ್ಟೆ: ಯಾವ ವೇಗದವರೆಗೆ ದೇಹ ಲ್ಯಾಕ್ಟೇಟ್ ಹುಟ್ಟಿದಷ್ಟೇ ಬೇಗ ಬಳಸಿಕೊಳ್ಳುತ್ತದೆ? ಸುಮಾರು ಒಂದು ಗಂಟೆ ಎಳೆಯಬಲ್ಲ ವೇಗವೇ ಆ ಗಡಿ. 10 ಕಿಲೋಮೀಟರ್, ಹಾಫ್ ಮ್ಯಾರಥಾನ್ ಓಡುವವರ ಭವಿಷ್ಯ ಇಲ್ಲಿದೆ. ವಾರಕ್ಕೊಮ್ಮೆ 20ರಿಂದ 30 ನಿಮಿಷ ಆ ಗಡಿಯ ವೇಗದಲ್ಲಿ, ಒಂದೆರಡು ಪದ ಮಾತ್ರ ಆಡಬಲ್ಲ ಏದುಸಿರಿನಲ್ಲಿ ಓಡಿ. ಅದನ್ನು ಸ್ಪರ್ಧೆ ಮಾಡಿಕೊಳ್ಳಬೇಡಿ.

6. ಕಡಿಮೆ ಖರ್ಚಿನಲ್ಲಿ ಓಡಲು ಕಲಿಯಿರಿ

ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್ 2003ರಲ್ಲಿ ಲಂಡನ್ ಮ್ಯಾರಥಾನ್ ಅನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಮುಗಿಸಿದರು. ಆ ದಾಖಲೆ 16 ವರ್ಷ ನಿಂತಿತು. ಹದಿಹರೆಯದಿಂದಲೇ ಅವರನ್ನು ಪರೀಕ್ಷೆ ಮಾಡುತ್ತಾ ಬಂದಿದ್ದ ಶರೀರವಿಜ್ಞಾನಿ ಆ್ಯಂಡ್ರ್ಯೂ ಜೋನ್ಸ್ ಕಂಡದ್ದು ಬೆರಗಿನ ಸಂಗತಿ. 1992ರಿಂದ 2003ರವರೆಗೆ ರಾಡ್‌ಕ್ಲಿಫ್ ಅವರ ಆಮ್ಲಜನಕದ ಮೇಲ್ಮಿತಿ 70ರ ಆಸುಪಾಸಿನಲ್ಲೇ ಇತ್ತು, ಏರಲೇ ಇಲ್ಲ. ಏರಿದ್ದು ಮಿತವ್ಯಯ. ಅದೇ ವೇಗದಲ್ಲಿ ಓಡಲು ಮೊದಲು ಬೇಕಾಗಿದ್ದಕ್ಕಿಂತ ಸುಮಾರು ಶೇ 15ರಷ್ಟು ಕಡಿಮೆ ಆಮ್ಲಜನಕ ಸಾಕಾಗುತ್ತಿತ್ತು.

‘ನನ್ನ ವಿಒ2 ಮ್ಯಾಕ್ಸ್ (ಆಮ್ಲಜನಕದ ಈ ಮೇಲ್ಮಿತಿ) ಏರುತ್ತಿಲ್ಲ’ ಎಂದು ವಾಚ್ ನೋಡಿ ಬೇಸರಪಡುವವರಿಗೆ ಇದಕ್ಕಿಂತ ಒಳ್ಳೆಯ ಸಮಾಧಾನ ಇರಲಾರದು. ಮಿತವ್ಯಯ ಬರುವುದು ವರ್ಷಗಳ ಓಟದಿಂದ, ಗುಡ್ಡ ಹತ್ತುವ ಓಟದಿಂದ, ಹಗುರ ಓಟದ ಕೊನೆಗೆ ಹಾಕುವ 80–100 ಮೀಟರ್‌ನ ಆರೇಳು ಸ್ಟ್ರೈಡ್‌ಗಳಿಂದ (ಚುರುಕಾದ ಚಿಕ್ಕ ಓಟಗಳಿಂದ), ಮತ್ತು ಬಲದ ಅಭ್ಯಾಸದಿಂದ. ಮೀನಖಂಡ, ಹಿಮ್ಮಡಿಯ ಸ್ನಾಯುರಜ್ಜು ಗಟ್ಟಿಯಾದರೆ ನೆಲಕ್ಕೆ ಕೊಟ್ಟ ಪೆಟ್ಟಿನ ಒಂದು ಪಾಲು ಮುಂದಿನ ಹೆಜ್ಜೆಗೆ ಮರಳಿ ಸಿಗುತ್ತದೆ. ವಾರಕ್ಕೆರಡು ಸಲ ಸ್ಕ್ವಾಟ್, ಲಂಜ್, ಒಂಟಿಕಾಲಿನ ಮೇಲೆ ಹಿಮ್ಮಡಿ ಎತ್ತುವುದು, ಹಗ್ಗದ ಜಿಗಿತ. ಜಿಮ್ ಬೇಕೆಂದೇನಿಲ್ಲ, ಮನೆಯ ಮೆಟ್ಟಿಲು ಸಾಕು.

7. 800 ಮೀಟರ್‌ನ ಮೊದಲ ಸುತ್ತು: ಧೈರ್ಯ ಬೇಕು, ಲೆಕ್ಕವೂ ಬೇಕು

1976ರ ಜುಲೈ 25, ಮಾಂಟ್ರಿಯಲ್ ಒಲಿಂಪಿಕ್ಸ್‌ನ 800 ಮೀಟರ್ ಫೈನಲ್. ರಾಜಸ್ಥಾನದ ಶ್ರೀರಾಮ್ ಸಿಂಗ್ ಮುನ್ನುಗ್ಗಿ ಮೊದಲ ಸುತ್ತನ್ನು 50.85 ಸೆಕೆಂಡಿನಲ್ಲಿ ಮುಗಿಸಿದರು. ಬೆನ್ನಿಗೇ ಕ್ಯೂಬಾದ ಅಲ್ಬರ್ಟೊ ಹ್ವಾಂಟೊರೆನಾ. ಎರಡನೇ ಸುತ್ತಿನಲ್ಲಿ ಹ್ವಾಂಟೊರೆನಾ ಮುಂದೆ ಹೋಗಿ 1 ನಿಮಿಷ 43.50 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಗೆದ್ದರು. ಶ್ರೀರಾಮ್ ಏಳನೆಯವರಾಗಿ 1:45.77ಕ್ಕೆ ಮುಗಿಸಿದರು, ಆ ರಾಷ್ಟ್ರೀಯ ದಾಖಲೆಯನ್ನು ಮುರಿಯಲು 2018ರಲ್ಲಿ ಜಿನ್ಸನ್ ಜಾನ್ಸನ್ ಬರಬೇಕಾಯಿತು. ಶ್ರೀರಾಮ್ ಅವರ ಎರಡನೇ ಸುತ್ತಿನ ಲೆಕ್ಕ ಹಾಕಿ ನೋಡಿ: 54.92. ಮೊದಲಿನದಕ್ಕಿಂತ ನಾಲ್ಕು ಸೆಕೆಂಡ್ ಹೆಚ್ಚು.

ಈಗ 2012ರ ಲಂಡನ್ ಫೈನಲ್. ಕೆನ್ಯಾದ ಡೇವಿಡ್ ರುಡಿಷಾ ಮೊದಲಿನಿಂದ ಕೊನೆಯವರೆಗೆ ಮುಂದೆಯೇ ಓಡಿ 1:40.91ಕ್ಕೆ ವಿಶ್ವದಾಖಲೆ ಮಾಡಿದರು. ಅವರ ಸುತ್ತುಗಳು 49.28 ಮತ್ತು 51.63. ಅವರ ಎರಡನೇ ಸುತ್ತೂ ನಿಧಾನವೇ, ಆದರೆ ಅಂತರ ಎರಡೂಕಾಲು ಸೆಕೆಂಡಿನಷ್ಟು.

ಇದರ ಹಿಂದಿನ ಕಾರಣ ಮೈಯೊಳಗಿದೆ. ಗನ್ ಸದ್ದಾದ ಕೂಡಲೇ ಆಮ್ಲಜನಕದ ಬಳಕೆ ಮೇಲ್ಮಿತಿಗೆ ಜಿಗಿಯುವುದಿಲ್ಲ. ಅಲ್ಲಿಗೆ ಏರಲು ಒಂದು ನಿಮಿಷ, ಒಂದೂವರೆ ನಿಮಿಷ ಹಿಡಿಯುತ್ತದೆ. ಶುರುವಿನಲ್ಲಿ ವೇಗವಾಗಿ ಹೊರಟರೆ ಆ ಏರಿಕೆಯೂ ಚುರುಕಾಗುತ್ತದೆ. ಹಾಗಾಗಿ 800 ಮೀಟರ್‌ನಲ್ಲಿ ಮೊದಲ ಸುತ್ತು ತುಸು ವೇಗವಾಗಿರುವುದು ದೇಹಕ್ಕೆ ಒಪ್ಪಿಗೆ. ಮಿತಿ ಮೀರಿದರೆ ಆಮ್ಲಜನಕಕ್ಕೆ ಕಾಯದ ಶಕ್ತಿ 500 ಮೀಟರ್‌ಗೇ ಬರಿದಾಗುತ್ತದೆ, ಸ್ನಾಯುವಿನಲ್ಲಿ ಆಮ್ಲೀಯತೆ ಏರುತ್ತದೆ, 600 ಮೀಟರ್ ದಾಟುವಷ್ಟರಲ್ಲಿ ಭುಜ ಕಿವಿಯತ್ತ ಏರಿ, ಮಂಡಿ ಮೇಲೆದ್ದೇಳದೆ, ಹೆಜ್ಜೆ ಚಿಕ್ಕದಾಗುತ್ತದೆ. ಕ್ರೀಡಾಕೂಟದಲ್ಲಿ ಕೊನೆಯ ನೇರಕ್ಕೆ ತಿರುಗುವ ಮಕ್ಕಳನ್ನು ನೋಡಿದವರಿಗೆ ಆ ದೃಶ್ಯ ಗೊತ್ತು. ಮಕ್ಕಳಿಗೆ ಮೊದಲ 200 ಮೀಟರ್ ಅನ್ನು ಸ್ಟಾಪ್‌ವಾಚ್ ಹಿಡಿದು ಕಲಿಸಿ. ಮೊದಲ ಸುತ್ತು ಎರಡನೆಯದಕ್ಕಿಂತ ಎರಡು ಸೆಕೆಂಡ್ ಮುಂದಿದ್ದರೆ ಸಾಕು.

8. ವಾರ್ಮ್ ಅಪ್ ಎಂದರೆ ಕೈಕಾಲು ಬೀಸುವುದಷ್ಟೇ ಅಲ್ಲ

800, 1500 ಮೀಟರ್‌ಗೆ: 15 ನಿಮಿಷ ಜಾಗಿಂಗ್, ನಾಲ್ಕಾರು ಸ್ಟ್ರೈಡ್, ಓಟಕ್ಕೆ 15–20 ನಿಮಿಷ ಮುಂಚೆ ಸ್ಪರ್ಧೆಯ ವೇಗದಲ್ಲಿ ಒಂದೇ ಒಂದು 150 ಅಥವಾ 200 ಮೀಟರ್. ಆಮ್ಲಜನಕದ ಯಂತ್ರ ಆಗಲೇ ಬಿಸಿಯಾಗಿರುತ್ತದೆ. ಮ್ಯಾರಥಾನ್‌ಗೆ ಇಷ್ಟೆಲ್ಲ ಬೇಡ. ಐದು ನಿಮಿಷ ಮೆಲ್ಲನೆ ಓಡಿದರೂ ಆದೀತು.

9. ದೂರ ಹೆಚ್ಚಿದಷ್ಟೂ ಸಮವೇಗ

ಕೆನ್ಯಾದ ಕೆಲ್ವಿನ್ ಕಿಪ್ಟುಮ್ 2023ರಲ್ಲಿ ಷಿಕಾಗೊ ಮ್ಯಾರಥಾನ್ ಅನ್ನು 2 ಗಂಟೆ 35 ಸೆಕೆಂಡಿಗೆ ಮುಗಿಸಿದಾಗ ಮೊದಲರ್ಧಕ್ಕೆ 60 ನಿಮಿಷ 48 ಸೆಕೆಂಡ್, ಎರಡನೆಯದಕ್ಕೆ 59 ನಿಮಿಷ 47 ಸೆಕೆಂಡ್ ತೆಗೆದುಕೊಂಡಿದ್ದರು. ಉಗಾಂಡಾದ ಜೋಷುವಾ ಚೆಪ್ಟೆಗೈ 2020ರಲ್ಲಿ ವಲೆನ್ಸಿಯಾದಲ್ಲಿ 10,000 ಮೀಟರ್ ಅನ್ನು 26 ನಿಮಿಷ 11 ಸೆಕೆಂಡಿಗೆ ಓಡಿದ್ದು ಸುತ್ತಿಗೆ ಸರಾಸರಿ 62.8 ಸೆಕೆಂಡಿನಂತೆ. ಮ್ಯಾರಥಾನ್‌ನ ಮೊದಲ ಮೂರು ಕಿಲೋಮೀಟರ್‌ನಲ್ಲಿ ಜನಜಂಗುಳಿಯ ಹುರುಪಿಗೆ ಬಿದ್ದು ಕಿಲೋಮೀಟರ್‌ಗೆ 15 ಸೆಕೆಂಡ್ ಜಾಸ್ತಿ ವೇಗ ಹಿಡಿದರೆ, ಆ ಹೊತ್ತಿನಲ್ಲಿ ಸುಟ್ಟ ಸಕ್ಕರೆಗೆ ಕೊನೆಯ ಹತ್ತು ಕಿಲೋಮೀಟರ್ ಬೆಲೆ ತೆರಬೇಕಾಗುತ್ತದೆ.

10. ಮ್ಯಾರಥಾನ್‌ನ 32ನೇ ಕಿಲೋಮೀಟರ್‌ಗೆ ಹಿಂದಿನ ದಿನವೇ ಉಣ್ಣಿ

ಲೆಕ್ಕ ಸರಳ. ಓಡುವಾಗ ಮೈತೂಕದ ಪ್ರತಿ ಕಿಲೋಗೆ, ಪ್ರತಿ ಕಿಲೋಮೀಟರ್‌ಗೆ ಸುಮಾರು ಒಂದು ಕಿಲೋಕ್ಯಾಲರಿ ಖರ್ಚು. 60 ಕಿಲೋ ತೂಕದವರಿಗೆ 42.195 ಕಿಲೋಮೀಟರ್‌ಗೆ 2,500ಕ್ಕೂ ಹೆಚ್ಚು. ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಇರುವ ಸಕ್ಕರೆ ಸುಮಾರು 400 ಗ್ರಾಂ, ಲಿವರ್‌ನಲ್ಲಿ 100 ಗ್ರಾಂ. ಗ್ರಾಮಿಗೆ ನಾಲ್ಕರಂತೆ ಒಟ್ಟು 2,000 ಕಿಲೋಕ್ಯಾಲರಿ. ಉಳಿದದ್ದು ಕೊಬ್ಬಿನಿಂದ ಬರಬೇಕು. ತೆಳ್ಳಗಿನವರ ಮೈಯಲ್ಲೂ ಕೊಬ್ಬು ಬೇಕಾದಷ್ಟಿರುತ್ತದೆ, ಆದರೆ ಅದು ಉರಿಯುವುದು ನಿಧಾನ. ಅಷ್ಟೇ ಶಕ್ತಿಗೆ ಹೆಚ್ಚು ಆಮ್ಲಜನಕವನ್ನೂ ಕೇಳುತ್ತದೆ. 30–35 ಕಿಲೋಮೀಟರ್ ನಡುವೆ ಗೋಡೆಗೆ ಬಡಿದಂತೆ ಕಾಲು ನಿಲ್ಲುವುದು ಈ ಲೆಕ್ಕ ತಪ್ಪಿದವರಿಗೇ.

ನಮ್ಮ ಅಡುಗೆಮನೆಗೆ ಇದು ಕಷ್ಟದ ವಿಷಯವೇ ಅಲ್ಲ. ರಾಗಿಮುದ್ದೆ ಅಭ್ಯಾಸದ ದಿನಗಳಿಗೆ ಒಳ್ಳೆಯ ಊಟ. ಓಟದ ಹಿಂದಿನ ಒಂದೂವರೆ ದಿನ ಮಾತ್ರ ನಾರು ಕಡಿಮೆ ಇರುವ ಅನ್ನ, ಇಡ್ಲಿ, ಅವಲಕ್ಕಿ, ಬೆಲ್ಲ, ಬಾಳೆಹಣ್ಣು ಹೆಚ್ಚಿಸಿ. ಸೊಪ್ಪು, ಕಾಳು, ಎಣ್ಣೆ ಪದಾರ್ಥ ಇಳಿಸಿ. ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಹೊಟ್ಟೆಗೆ ಹೋಗಬೇಕು. ದೊಡ್ಡ ಪಚ್ಚಬಾಳೆ ಒಂದರಲ್ಲಿ ಸುಮಾರು 25 ಗ್ರಾಂ ಸಿಗುತ್ತದೆ. ಸಕ್ಕರೆಯ ಜೆಲ್ ತಿನ್ನುವವರು ಅಭ್ಯಾಸದ ಉದ್ದ ಓಟಗಳಲ್ಲೇ ತಿಂದು ಹೊಟ್ಟೆಯನ್ನು ಒಗ್ಗಿಸಬೇಕು. ಕರುಳೂ ಅಭ್ಯಾಸದಿಂದ ಕಲಿಯುತ್ತದೆ. ಓಟದ ದಿನ ಹೊಸ ತಿಂಡಿ ಬೇಡವೇ ಬೇಡ.

ಫಿಲ್ಟರ್ ಕಾಫಿ ಬಿಡಬೇಕೆ? ಬೇಡ. ಕೆಫೀನ್ ದಣಿವಿನ ಅರಿವನ್ನು ತಗ್ಗಿಸುತ್ತದೆ, 2004ರಲ್ಲಿ ಅದನ್ನು ನಿಷೇಧಿತ ಪಟ್ಟಿಯಿಂದಲೂ ತೆಗೆದಿದ್ದಾರೆ. ರೂಢಿಯಿದ್ದವರು ಓಟಕ್ಕೆ ಒಂದು ಗಂಟೆ ಮೊದಲು ಕುಡಿಯಬಹುದು.

11. ಬಾಯಾರಿದಷ್ಟು ಕುಡಿಯಿರಿ, ಊರಿನ ಹವೆ ನೋಡಿ ಓಡಿ

ಸ್ನಾಯು ಬಳಸುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗಿಯೇ ಹೋಗುತ್ತದೆ. ಅದನ್ನು ಹೊರಹಾಕುವುದು ಬೆವರು, ಅದೂ ಆರಿದರೆ ಮಾತ್ರ. ಮಂಗಳೂರು, ಉಡುಪಿ, ಕಾರವಾರದ ಹವೆಯಲ್ಲಿ ಬೆವರು ಆರದೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ಮೈ ತಂಪು ಮಾಡುವುದಿಲ್ಲ. ರಕ್ತದ ಒಂದು ಪಾಲು ಚರ್ಮದತ್ತ ತಿರುಗಿ, ಸ್ನಾಯುವಿನ ಪಾಲು ಕಡಿಮೆಯಾಗಿ, ಅದೇ ವೇಗಕ್ಕೆ ನಾಡಿ ಹತ್ತು–ಹದಿನೈದು ಬಡಿತ ಮೇಲೇರುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಅಭ್ಯಾಸ ಮಾಡಿ ಕರಾವಳಿಗೆ ಓಡಲು ಹೋಗುವವರು ಗಡಿಯಾರ ಮರೆತು ಉಸಿರು ನೋಡಿ ಓಡಬೇಕು. ಸಾಧ್ಯವಾದರೆ ಹತ್ತು–ಹದಿನಾಲ್ಕು ದಿನ ಮೊದಲೇ ಅಲ್ಲಿರಿ. ಅಷ್ಟರಲ್ಲಿ ರಕ್ತದ ದ್ರವ ಹೆಚ್ಚಿ, ಬೆವರು ಬೇಗ ಶುರುವಾಗಿ, ಅದರಲ್ಲಿ ಉಪ್ಪು ಕಡಿಮೆಯಾಗಿರುತ್ತದೆ.

ನೀರು ಕಡಿಮೆಯಾಗುವುದು ಅಪಾಯ ಎಂದು ಎಲ್ಲರಿಗೂ ಗೊತ್ತು. ಜಾಸ್ತಿಯಾದರೂ ಅಪಾಯ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ 13 ಮಂದಿಯಲ್ಲಿ ಸೋಡಿಯಂ ಇರಬೇಕಾದ ಮಟ್ಟಕ್ಕಿಂತ ಕೆಳಗಿಳಿದಿತ್ತು. ಓಡುತ್ತಾ ಮೈತೂಕ ಹೆಚ್ಚುವಷ್ಟು ದ್ರವ ಕುಡಿದವರಲ್ಲೇ ಇದು ಹೆಚ್ಚು. ಉದ್ದ ಓಟದ ಮುಂಚೆ ಮತ್ತು ನಂತರ ತೂಕ ನೋಡಿಕೊಳ್ಳಿ. ಒಂದು ಕಿಲೋ ಇಳಿದರೆ ಸುಮಾರು ಒಂದು ಲೀಟರ್ ಬೆವರು. ತೂಕ ಏರಿದ್ದರೆ ಕುಡಿದದ್ದು ಅತಿಯಾಯಿತು. ಎರಡು ಗಂಟೆ ಮೀರಿದ ಓಟಕ್ಕೆ ಬರೀ ನೀರಿಗಿಂತ ನಿಂಬೆ, ಉಪ್ಪು, ಸಕ್ಕರೆಯ ಪಾನಕ ವಾಸಿ.

12. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸದೆ ಹುಡುಗಿಯರನ್ನು ಓಡಿಸಬೇಡಿ

ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ. ಒಂದು ಗ್ರಾಂ ಹಿಮೋಗ್ಲೋಬಿನ್ 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. ಹಿಮೋಗ್ಲೋಬಿನ್ 12ರಿಂದ 10ಕ್ಕೆ ಇಳಿಯಿತೆಂದರೆ ರಕ್ತ ಹೊರುವ ಆಮ್ಲಜನಕದಲ್ಲಿ ಆರನೇ ಒಂದು ಪಾಲು ಹೋಯಿತು. ಯಾವ ಕೋಚಿಂಗೂ ಅದನ್ನು ತುಂಬಿಕೊಡಲಾರದು. ಅಂಥ ಹುಡುಗಿಯನ್ನು ‘ಸೋಮಾರಿ, ಮನಸ್ಸಿಟ್ಟು ಓಡಲ್ಲ’ ಎಂದು ಗದರುವುದು ಅನ್ಯಾಯ.

ಓಟ ತಾನೇ ಕಬ್ಬಿಣವನ್ನು ಖರ್ಚು ಮಾಡಿಸುತ್ತದೆ: ಅಂಗಾಲಿನ ಪೆಟ್ಟಿಗೆ ಕೆಂಪು ಕಣ ಒಡೆಯುತ್ತದೆ, ಬೆವರಿನಲ್ಲಿ ಒಂದಿಷ್ಟು ಹೋಗುತ್ತದೆ, ಮುಟ್ಟಿನಲ್ಲಿ ಇನ್ನಷ್ಟು. ಜೋರು ಓಟದ ನಂತರ ಕೆಲವು ಗಂಟೆ ಕರುಳು ಕಬ್ಬಿಣ ಹೀರುವುದೂ ಕಡಿಮೆ. ವರ್ಷಕ್ಕೆರಡು ಬಾರಿ ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ. ಹಿಮೋಗ್ಲೋಬಿನ್ ಸರಿಯಿದ್ದೂ ಕೂಡಿಟ್ಟ ಕಬ್ಬಿಣ ತಳ ಕಂಡಿರಬಹುದು. ಹುರುಳಿ, ಸೊಪ್ಪು, ಮಾಂಸ, ಮೀನು ತಿನ್ನಿ. ಸೊಪ್ಪು, ಕಾಳಿನ ಮೇಲೆ ನಿಂಬೆ ಹಿಂಡಿ. ಊಟದ ಜೊತೆಗೇ ಟೀ, ಕಾಫಿ ಕುಡಿಯಬೇಡಿ, ಒಂದು ಗಂಟೆ ಬಿಡಿ. ಮಾತ್ರೆ ಮಾತ್ರ ವೈದ್ಯರು ಹೇಳಿದರೆ ತೆಗೆದುಕೊಳ್ಳಿ.

ಇನ್ನೊಂದು ಮಾತು. ಮುಟ್ಟು ನಿಂತುಹೋಗುವುದು ‘ಚೆನ್ನಾಗಿ ಟ್ರೈನಿಂಗ್ ಆಗ್ತಿದೆ’ ಎಂಬುದರ ಗುರುತಲ್ಲ. ಓಡುವಷ್ಟು ಉಣ್ಣುತ್ತಿಲ್ಲ ಎಂದು ದೇಹ ಕೊಡುವ ಎಚ್ಚರಿಕೆ. ಅದರ ಹಿಂದೆಯೇ ಮೂಳೆ ಸವೆಯುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಿಂದ ಆಹಾರಶಕ್ತಿಯ ಈ ಕೊರತೆಯ ಬಗ್ಗೆ ಎಚ್ಚರಿಸುತ್ತಿದೆ. ಇದು ಹುಡುಗರನ್ನೂ ಬಿಡುವುದಿಲ್ಲ ಎಂದೂ ಹೇಳಿದೆ. ಸತತ ಮೂರು ತಿಂಗಳು ಮುಟ್ಟಾಗದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮೇಷ್ಟ್ರ ಹತ್ತಿರ ಹೇಳಲು ಹುಡುಗಿಗೆ ಸಂಕೋಚವಿದ್ದರೆ ಶಾಲೆಯ ಒಬ್ಬ ಶಿಕ್ಷಕಿಯಾದರೂ ಕೇಳಿ ತಿಳಿಯುವಂತಿರಬೇಕು. ‘ತೂಕ ಇಳಿಸು, ವೇಗ ಬರುತ್ತೆ’ ಎಂಬ ಮಾತನ್ನು ಬೆಳೆಯುವ ವಯಸ್ಸಿನ ಮಕ್ಕಳಿಗೆ ಯಾರೂ ಆಡಬಾರದು.

13. ಉಸಿರು ಸುಧಾರಿಸಿತೆಂದು ಮೂಳೆಯನ್ನು ಮರೆಯಬೇಡಿ

ಹೊಸದಾಗಿ ಓಡಲು ಶುರು ಮಾಡಿದವರಿಗೆ ಅತಿ ಹೆಚ್ಚು ಪೆಟ್ಟಾಗುವ ಕಾಲ ಮೊದಲ ವಾರ ಅಲ್ಲ, ಒಂದು–ಒಂದೂವರೆ ತಿಂಗಳ ಆಸುಪಾಸು. ರಕ್ತದ ದ್ರವ ಒಂದು ವಾರದಲ್ಲೇ ಹೆಚ್ಚುತ್ತದೆ. ಮೈಟೊಕಾಂಡ್ರಿಯಾ ಕೆಲವೇ ವಾರಗಳಲ್ಲಿ. ಹಾಗಾಗಿ ತಿಂಗಳೊಳಗೆ ಉಸಿರು ಹಗುರಾಗಿ, ‘ಇನ್ನೂ ಓಡಬಲ್ಲೆ’ ಎನ್ನಿಸುತ್ತದೆ. ಆದರೆ ಮೂಳೆಯ ರೀತಿಯೇ ಬೇರೆ. ಹೊಸ ಭಾರ ಬಿದ್ದಾಗ ಅದು ಮೊದಲು ಹಳೆಯ ಭಾಗವನ್ನು ಕರಗಿಸುತ್ತದೆ. ಅದಕ್ಕೆ ಮೂರು–ನಾಲ್ಕು ವಾರ. ಆಮೇಲೆ ಹೊಸದನ್ನು ಕಟ್ಟುತ್ತದೆ. ಅದು ಗಟ್ಟಿಯಾಗಲು ತಿಂಗಳುಗಳು. ಅಂದರೆ ಹುಮ್ಮಸ್ಸು ಏರಿದ ಹೊತ್ತಿಗೇ ಮೂಳೆ ತನ್ನ ಅತಿ ದುರ್ಬಲ ಹಂತದಲ್ಲಿರುತ್ತದೆ. ಮೊಣಕಾಲ ಕೆಳಗಿನ ಮೂಳೆಯಲ್ಲಿ, ಪಾದದ ಮೂಳೆಗಳಲ್ಲಿ ಕೂದಲೆಳೆಯ ಬಿರುಕು ಕಾಣಿಸುವುದು ಆಗಲೇ.

ಮೂರು ವಾರ ದೂರ ಹೆಚ್ಚಿಸಿದರೆ ನಾಲ್ಕನೇ ವಾರ ಇಳಿಸಿ. ದೂರ ಮತ್ತು ವೇಗ ಎರಡನ್ನೂ ಒಂದೇ ವಾರ ಏರಿಸಬೇಡಿ. ಇಡೀ ಕಾಲು ನೋಯುವುದಕ್ಕೂ ಬೆರಳಿಟ್ಟು ತೋರಿಸಬಲ್ಲ ಒಂದೇ ಜಾಗದಲ್ಲಿ ನೋಯುವುದಕ್ಕೂ ವ್ಯತ್ಯಾಸವಿದೆ. ಎರಡನೆಯದಾದರೆ ಅಂದೇ ಓಟ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಎದೆನೋವು, ಓಡುವಾಗ ಕಣ್ಣು ಕತ್ತಲಾಗುವುದು, ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತವಾದವರಿರುವುದು, ಇವುಗಳಲ್ಲಿ ಯಾವುದಿದ್ದರೂ ಹೃದಯ ತಪಾಸಣೆಯ ನಂತರವೇ ಶೂ ಹಾಕಿ.

ಎತ್ತರದ ಊರಿನಲ್ಲಿ ಅಭ್ಯಾಸ ಮಾಡಬೇಕೆಂಬ ಆಸೆಗೂ ಇದೇ ತಾಳ್ಮೆ ಬೇಕು. ನಮಗೆ ಹತ್ತಿರದ ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ, 1968ರ ಒಲಿಂಪಿಕ್ಸ್ ನಡೆದ ಮೆಕ್ಸಿಕೊ ಸಿಟಿಯಷ್ಟೇ. ಅಲ್ಲಿ 10,000 ಮೀಟರ್ ಚಿನ್ನ ಗೆದ್ದ ಸಮಯ 29 ನಿಮಿಷ 27 ಸೆಕೆಂಡ್. ಆಗಿನ ವಿಶ್ವದಾಖಲೆ 27 ನಿಮಿಷ 39 ಸೆಕೆಂಡ್. ಆ ದಾಖಲೆಯ ಒಡೆಯ, ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್, ಆರನೆಯವರಾಗಿ ಮುಗಿಸಿ ಕುಸಿದುಬಿದ್ದರು, ಆಮ್ಲಜನಕ ಕೊಡಬೇಕಾಯಿತು. ಎತ್ತರದಲ್ಲೇ ಬೆಳೆದ ಕೆನ್ಯಾದ ಕಿಪ್ ಕೀನೊ 1500 ಮೀಟರ್ ಅನ್ನು 3 ನಿಮಿಷ 34.9 ಸೆಕೆಂಡಿಗೆ ಗೆದ್ದರು. ಎತ್ತರಕ್ಕೆ ದೇಹ ಒಗ್ಗಿ ಕೆಂಪು ಕಣ ಹೆಚ್ಚಲು ಮೂರು–ನಾಲ್ಕು ವಾರ ಬೇಕು, ಕಬ್ಬಿಣ ಬೇಕು. ವಾರಾಂತ್ಯಕ್ಕೆ ಊಟಿಗೆ ಹೋಗಿ ಓಡಿ ಬಂದರೆ ಮನಸ್ಸಿಗೆ ಖುಷಿ, ರಕ್ತಕ್ಕೆ ಏನೂ ಇಲ್ಲ.

14. ಕೊನೆಯ ಎರಡು ವಾರ ಕಡಿಮೆ ಓಡಿ, ನಿಧಾನವಾಗಿ ಅಲ್ಲ

ಸ್ಪರ್ಧೆ ಹತ್ತಿರ ಬಂತೆಂದು ಕೊನೆಯ ವಾರ ಹೆಚ್ಚು ಓಡುವುದು ಪರೀಕ್ಷೆಯ ಹಿಂದಿನ ರಾತ್ರಿ ಓದುವ ನಮ್ಮ ಹಳೆಯ ಅಭ್ಯಾಸ. ಆ ವಾರ ಓಡಿದ್ದರ ಲಾಭ ಸ್ಪರ್ಧೆಯ ದಿನಕ್ಕೆ ಬರುವುದಿಲ್ಲ. ದಣಿವು ಮಾತ್ರ ಬರುತ್ತದೆ. ಕೊನೆಯ ಎರಡು ವಾರದಲ್ಲಿ ಒಟ್ಟು ದೂರವನ್ನು ಹೆಚ್ಚುಕಡಿಮೆ ಅರ್ಧಕ್ಕೆ ತನ್ನಿ. ವಾರಕ್ಕೆ ಓಡುವ ದಿನಗಳನ್ನು ಹೆಚ್ಚು ಕಡಿಮೆ ಮಾಡಬೇಡಿ. ಜೋರು ಓಟದ ವೇಗವೂ ಹಾಗೇ ಇರಲಿ, ಅದರ ಸಂಖ್ಯೆ ಇಳಿಯಲಿ. ಐದು 1000 ಮೀಟರ್ ಬದಲು ಎರಡು ಸಾಕು. ಹೀಗೆ ಮಾಡಿದವರ ಸಮಯ ಸಾಮಾನ್ಯವಾಗಿ ಶೇ 2–3ರಷ್ಟು ಸುಧಾರಿಸುತ್ತದೆ. 50 ನಿಮಿಷಕ್ಕೆ 10 ಕಿಲೋಮೀಟರ್ ಓಡುವವರಿಗೆ ಅದು ಒಂದರಿಂದ ಒಂದೂವರೆ ನಿಮಿಷ.

ಕಾಲು ಭಾರ ಅನ್ನಿಸಬಹುದು, ಇಲ್ಲದ ನೋವೆಲ್ಲ ಕಾಣಿಸಬಹುದು. ಗ್ಲೈಕೋಜನ್ ತುಂಬುವಾಗ ಅದರ ಜೊತೆ ನೀರೂ ಸೇರಿ ತೂಕ ಒಂದು ಕಿಲೋ ಏರಿದರೂ ಗಾಬರಿ ಬೇಡ. ಹಿಂದಿನ ದಿನ 20 ನಿಮಿಷ ಜಾಗಿಂಗ್, ನಾಲ್ಕು ಸ್ಟ್ರೈಡ್. ಆ ರಾತ್ರಿ ನಿದ್ದೆ ಬಾರದಿದ್ದರೂ ಚಿಂತೆಯಿಲ್ಲ. ಅದಕ್ಕೂ ಹಿಂದಿನ ಐದಾರು ರಾತ್ರಿ ಎಂಟು ಗಂಟೆ ಮಲಗಿದ್ದರೆ ಸ್ಪರ್ಧೆಯ ಓಟಕ್ಕೆ ಅದೇ ಸಾಕಾಗುತ್ತದೆ.